ಗಂಗಮ್ಮನ ಹಸಿರು ಬಳೆ

ಸೈಕಲ್ಲಿನ ಮುಂದಿನ ಚಕ್ರ ಮರಳಿನಲ್ಲಿ ಹೂತುಕೊಂಡಿತು. ಮುನಿಲಕ್ಷ್ಮಿ ಇಳಿದು ತಳ್ಳಿದಳು. ಚಕ್ರ ಅಲುಗಲಿಲ್ಲ, ಅವಳ ಚಪ್ಪಲಿಯೂ ಹೂತುಕೊಂಡಿತು.

“ಕ್ಯಾರಿಯರ್ ಹುಷಾರು ಕಣಮ್ಮ,” ಎಂದರು ಹಿಂದೆ ಬರುತ್ತಿದ್ದ ಕನಕರಾಜ್ ಮಾಮ.

ಕ್ಯಾರಿಯರಿನಲ್ಲಿ ಅಜ್ಜಿ ಕೊಟ್ಟ ಬಾಗಿನವಿತ್ತು. ಎರಡು ಪುಟ್ಟ ಮೊರಗಳನ್ನು ಒಂದರ ಮೇಲೊಂದು ಮುಚ್ಚಿ, ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದಿದ್ದರು. ಒಳಗೆ ಅರಿಸಿನ, ಕುಂಕುಮ, ರವಿಕೆ ಕಣ, ಬಾಚಣಿಗೆ, ಹಸಿರು ಗಾಜಿನ ಬಳೆ. ಅದನ್ನು ಹರಿಯುವ ನೀರಿಗೆ ಬಿಡಬೇಕಿತ್ತು. ಬೆಳಗ್ಗೆ ಚಿಕ್ಕಬಳ್ಳಾಪುರ ಬಿಟ್ಟವರು ಮಂಚೇನಹಳ್ಳಿ ದಾಟಿ, ಉತ್ತರ ಪಿನಾಕಿನಿಯ ದಡ ಹಿಡಿದು ಗೌರಿಬಿದನೂರಿನ ಕಡೆ ಹೊರಟಿದ್ದರು. ನದಿ ಉದ್ದಕ್ಕೂ ಇತ್ತು. ನೀರು ಮಾತ್ರ ಎಲ್ಲೂ ಇರಲಿಲ್ಲ.

ಮುನಿಲಕ್ಷ್ಮಿ ಕೂಸಾಗಿದ್ದಾಗ ಜ್ವರ, ಕೆಮ್ಮು ಜೋರಾಗಿ ಉಸಿರಾಡಲೂ ಆಗದೆ ಒದ್ದಾಡಿದ್ದಳಂತೆ. ಅವಳನ್ನು ಮಡಿಲಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವಾಗ, ಈ ನದಿಯ ಸೇತುವೆ ಮೇಲೆ ಅಜ್ಜಿ ಲಕ್ಷ್ಮೀನರಸಮ್ಮ ಹರಕೆ ಹೊತ್ತರು. ಮಗು ಉಳಿದರೆ ಗಂಗಮ್ಮನಿಗೆ ಬಾಗಿನ ಬಿಡುತ್ತೇನೆ ಎಂದು. ಮಗು ಉಳಿಯಿತು, ಬೆಳೆಯಿತು, ಎಂಟನೇ ಕ್ಲಾಸಿಗೂ ಬಂತು. ಸ್ಕೂಲಿನಲ್ಲಿ ಕೊಡುವ ಸೈಕಲ್ಲೂ ಬಂತು. ನದಿಗೆ ಮಾತ್ರ ನೀರು ಬರಲಿಲ್ಲ. ಅಪರೂಪಕ್ಕೆ ಬಂದರೂ, ಸುದ್ದಿ ಚಿಕ್ಕಬಳ್ಳಾಪುರ ಮುಟ್ಟುವಷ್ಟರಲ್ಲಿ ಮರಳು ಒಣಗಿರುತ್ತಿತ್ತು.

ಹಾಗಾಗಿ ಮುನಿಲಕ್ಷ್ಮಿ ಒಂದು ಸಲ ಕೆಮ್ಮಿದರೆ ಸಾಕು, ಅಜ್ಜಿ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿ ಬಂದು ಹಣೆ ಮುಟ್ಟುತ್ತಿದ್ದರು. ಕೈಯಲ್ಲಿ ರಾಗಿ ಹಿಟ್ಟಿದ್ದರೆ ಇವಳ ಹಣೆಗೂ ರಾಗಿ ಹಿಟ್ಟು. ಗಂಗಮ್ಮ ಇನ್ನೂ ಕಾಯುತ್ತಿದ್ದಾಳೆ ಎಂದು ಗೊಣಗುತ್ತಿದ್ದರು. ಮಂಡಿನೋವು ಬಂದ ಮೇಲೆ ಅವರು ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಅದಕ್ಕೇ ಮುನಿಲಕ್ಷ್ಮಿ ತಾನೇ ಹೊರಟಿದ್ದಳು. ಬಸ್ಸಿನಲ್ಲಿ ಹೋದರೆ ಸೇತುವೆ ಹತ್ತಿರ ಮಾತ್ರ ನದಿ ಕಾಣುತ್ತೆ, ಸೈಕಲ್ಲಾದರೆ ದಡದುದ್ದಕ್ಕೂ ಹುಡುಕಬಹುದು, ಎಲ್ಲೋ ಒಂದು ಕಡೆ ನೀರು ಸಿಕ್ಕೇ ಸಿಗುತ್ತೆ ಅಂತ ಅವಳ ಐಡಿಯಾ. ಅಜ್ಜಿ ಇನ್ನು ಮೇಲೆ ಹೆದರಬಾರದು ಎಂದು ಅವಳಿಗೆ ತುಂಬ ಆಸೆಯಿತ್ತು.

ಮಧ್ಯಾಹ್ನವಾಯಿತು. ಚಿತ್ರಾನ್ನದ ಡಬ್ಬಿ ಖಾಲಿಯಾಯಿತು, ನೀರಿನ ಬಾಟಲಿಯೂ ಖಾಲಿಯಾಯಿತು. ಬಾಗಿನ ಬಿಡುವವರೆಗೂ ಮಾಮ ಗೌರಿಬಿದನೂರಿನ ಹೋಟೆಲ್ಲಿನ ಇಡ್ಲಿಯನ್ನು ನೆನೆಯುತ್ತಾ ಇರಬೇಕಿತ್ತು. ದಡದ ಮೇಲಿನ ಜೋಳದ ಹೊಲದಲ್ಲಿ ಬೋರ್‌ವೆಲ್ ಪೈಪಿನಿಂದ ಕಾಲುವೆಗೆ ನೀರು ಬೀಳುತ್ತಿದ್ದುದು ಕಂಡು ಅವರ ಮುಖ ಅರಳಿತು.

“ಇದೂ ಹರಿಯೋ ನೀರೇ ಕಣಮ್ಮ. ಇಲ್ಲೇ ಬಿಟ್ಬಿಡು. ಅಜ್ಜಿಗೇನು ಗೊತ್ತಾಗುತ್ತೆ?”

ಮುನಿಲಕ್ಷ್ಮಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಕಾಲು ಬೇರೆ ಜೋಮು ಹಿಡಿದಿತ್ತು. ಆದರೂ ಮನಸ್ಸು ಒಪ್ಪಲಿಲ್ಲ.

“ಅಜ್ಜಿ ಬೋರ್‌ವೆಲ್ಲಿಗೆ ಹರಕೆ ಹೊತ್ತಿಲ್ಲ ಮಾಮ,” ಎಂದಳು.

ಮಾಮ ನಿಟ್ಟುಸಿರು ಬಿಟ್ಟು ಸೈಕಲ್ ಹತ್ತಿದರು. ಅಷ್ಟರಲ್ಲಿ ಪೈಪಿನ ನೀರೂ ನಿಂತಿತ್ತು. ಕರೆಂಟ್ ಹೋಗಿತ್ತು.

ಇನ್ನೊಂದಿಷ್ಟು ದೂರದಲ್ಲಿ, ನದಿ ತಿರುಗುವ ಕಡೆ, ಒಬ್ಬ ಹೆಂಗಸು ಮರಳಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಖಾಲಿ ಬಿಂದಿಗೆ. ಹೆಸರು ಮಂಗಮ್ಮ ಎಂದಳು. ಕುಡಿಯಲು ನೀರು ಸಿಗುತ್ತಾ ಎಂದು ಮಾಮ ಕೇಳಿದರು.

“ನೀಳ್ಳು ಕೆಳಗೈತೆ. ತೋಡಿದ್ರೆ ಬರ್ತೈತೆ,” ಎಂದಳು ಮಂಗಮ್ಮ.

ಒಂದು ತೆಂಗಿನ ಚಿಪ್ಪು ತೆಗೆದುಕೊಂಡು ಮಂಡಿಯೂರಿ ಮರಳು ತೋಡತೊಡಗಿದಳು. ಮೇಲೆ ಬಿಸಿ ಮರಳು, ಕೆಳಗೆ ತಣ್ಣನೆಯದು, ಇನ್ನೂ ಕೆಳಗೆ ಒದ್ದೆ. ತೋಡಿದಷ್ಟೂ ಅಂಚು ಕುಸಿಯುತ್ತಿತ್ತು. ಮುನಿಲಕ್ಷ್ಮಿಯೂ ಕೂತು ಮರಳು ಎಳೆದು ಹಾಕಿದಳು. ಗುಂಡಿ ಮೊಣಕೈ ಆಳವಾದಾಗ ಮಂಗಮ್ಮನ ಬಲಗೈಯಲ್ಲಿದ್ದ ಒಂದೇ ಒಂದು ಗಾಜಿನ ಬಳೆ ಕಲ್ಲಿಗೆ ತಾಗಿ ಒಡೆಯಿತು.

ಮಂಗಮ್ಮ ಕುರಿಗಳ ಬಾಯಿಗೆ ಚುಚ್ಚದಿರಲಿ ಎಂದು ಚೂರುಗಳನ್ನೆಲ್ಲ ಆರಿಸಿ ದೂರ ಹಾಕಿದಳು. ಆಮೇಲೆ ಬರಿಗೈ ಕಾಣದ ಹಾಗೆ ಸೆರಗು ಎಳೆದುಕೊಂಡಳು.

ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಒಸರಿತು. ಮೊದಲ ಸಲದ ಕೆಸರು ನೀರನ್ನು ಮಂಗಮ್ಮ ಎತ್ತಿ ಚೆಲ್ಲಿದಳು. ಮತ್ತೆ ಬಂದದ್ದು ತಿಳಿಯಾಗಿತ್ತು. ಮುನಿಲಕ್ಷ್ಮಿ ಬಗ್ಗಿ ನೋಡಿದಳು. ನೀರು ಮರಳಿನ ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಇಳಿದು ಹೋಗುತ್ತಿತ್ತು. ನದಿ ಹರಿಯುತ್ತಲೇ ಇತ್ತು. ಅವಳಿಗೆ ಖುಷಿ ತಡೆಯಲಾಗಲಿಲ್ಲ.

ಎಲ್ಲರೂ ನೀರು ಕುಡಿದರು. ಮುನಿಲಕ್ಷ್ಮಿ ಅಜ್ಜಿಯ ಹರಕೆಯ ವಿಷಯ ಹೇಳಿ, ಮೊರ ಬಿಚ್ಚಿ, ಕುಂಕುಮದ ಪೊಟ್ಟಣ ಒಡೆದು ಗುಂಡಿಯ ಮೇಲೆ ಕೈ ಚಾಚಿದಳು. ಮಂಗಮ್ಮ ತನ್ನ ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿದಳು.

“ಹಾಕಮ್ಮ, ಗಂಗಮ್ಮಂದು ತಾನೆ. ನಾನು ಇನ್ನೊಂದು ತೋಡ್ಕೊಂತೀನಿ.”

ಮುನಿಲಕ್ಷ್ಮಿಯ ಕೈ ಅಲ್ಲೇ ನಿಂತಿತು. ಒಂದು ಕುರಿಮರಿ ಆಗಲೇ ಗುಂಡಿಯ ಹತ್ತಿರ ಬಂದು ಮೂತಿ ಚಾಚಿತ್ತು. ಮಂಗಮ್ಮನ ಉಗುರುಗಳಲ್ಲಿ ಮರಳು ಮೆತ್ತಿತ್ತು, ಮಣಿಕಟ್ಟಿನ ಮೇಲೆ ಗಾಜು ಗೀರಿದ ಗುರುತು ಇತ್ತು. ಈ ಒಂದು ಬೊಗಸೆ ನೀರಿಗೆ ಕುಂಕುಮ ಹಾಕಿದರೆ ಇವತ್ತು ಇವರೆಲ್ಲ ಏನು ಕುಡಿಯಬೇಕು?

ಅವಳು ಪೊಟ್ಟಣ ಮಡಚಿ ಮೊರದೊಳಗಿಟ್ಟಳು. ಎದ್ದು ನಿಂತು, ಹಬ್ಬದಲ್ಲಿ ಅಜ್ಜಿ ಸೆರಗು ಹೊದಿಸುವ ಹಾಗೆ, ಮೊರದ ಮೇಲೆ ತನ್ನ ದುಪಟ್ಟದ ತುದಿ ಹೊದಿಸಿ ಮುಂದೆ ಹಿಡಿದಳು.

“ತಗೊಳ್ಳಿ ಅಕ್ಕ.”

“ನಂಗ್ಯಾಕಮ್ಮ? ನದೀದಲ್ವಾ ಇದು?”

“ನದೀನ ಮೇಲೆ ತಂದಿದ್ದು ನೀವೇ ಅಲ್ವಾ?” ಎಂದಳು ಮುನಿಲಕ್ಷ್ಮಿ.

ಮಂಗಮ್ಮ ಮಾಮನ ಮುಖ ನೋಡಿದಳು. ಮಾಮ ತಲೆಯಾಡಿಸಿದರು. ಅವಳು ಕೈ ತೊಳೆದು, ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು.

ಗೌರಿಬಿದನೂರಿನಲ್ಲಿ ಮಾಮನಿಗೆ ಇಡ್ಲಿ ಸಿಕ್ಕಿತು. ಸೈಕಲ್‌ಗಳನ್ನು ಬಸ್ಸಿನ ಟಾಪಿಗೆ ಹಾಕಿ ವಾಪಸ್ ಬಂದರು. ದಾರಿಯುದ್ದಕ್ಕೂ ಮುನಿಲಕ್ಷ್ಮಿಗೆ ಒಂದೇ ಯೋಚನೆ. ಹರಕೆ ತೀರಿತೋ, ಕೆಟ್ಟಿತೋ? ಅಜ್ಜಿ ಅಳುತ್ತಾರೋ ಏನೋ ಎಂದು ಅವಳಿಗೆ ಭಯವಾಗಿತ್ತು.

ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕಾದಿದ್ದರು. ಮುನಿಲಕ್ಷ್ಮಿ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಅಜ್ಜಿಯ ಕೈ ನಿಂತುಹೋಯಿತು.

“ಬಳೆ ಸರಿಯಾಯ್ತೇನೇ ಅವಳ ಕೈಗೆ?” ಎಂದು ಕೊನೆಗೆ ಕೇಳಿದರು.

“ಸ್ವಲ್ಪ ಬಿಗಿ ಆಯ್ತು ಅಜ್ಜಿ. ಕೈ ನೀರಲ್ಲಿ ಅದ್ದಿದ್ರು, ಆಮೇಲೆ ಹೋಯ್ತು.”

“ಯಾವ ನೀರಲ್ಲಿ?”

“ನದೀ ನೀರಲ್ಲೇ.”

ಅಜ್ಜಿ ಹೂಂ ಎಂದರು. ಮತ್ತೆ ಒಂದು ಅವರೆಕಾಯಿ ಎತ್ತಿಕೊಂಡರು.

ದಾರಿಯ ಧೂಳೆಲ್ಲ ಗಂಟಲಲ್ಲಿ ಕೂತಿತ್ತು. ಮುನಿಲಕ್ಷ್ಮಿಗೆ ಕೆಮ್ಮು ಬಂತು. ಒಂದಲ್ಲ, ಎರಡಲ್ಲ, ಕಣ್ಣಲ್ಲಿ ನೀರು ಬರುವಷ್ಟು. ಅವಳು ಅಭ್ಯಾಸದಂತೆ ಹಣೆ ಮುಂದೆ ಮಾಡಿ ಕೂತಳು. ಕೈ ಬರಲಿಲ್ಲ.

“ಧೂಳು ಕಣೇ. ನೀರು ಕುಡಿ,” ಎಂದು ಅಜ್ಜಿ ಚೊಂಬನ್ನು ಅವಳ ಕಡೆಗೆ ಸರಿಸಿದರು.

ಮುನಿಲಕ್ಷ್ಮಿ ಅಜ್ಜಿಯನ್ನೇ ನೋಡುತ್ತಾ ಚೊಂಬು ಎತ್ತಿ ಗಟಗಟ ಕುಡಿದಳು. ಅಜ್ಜಿ ಅವರೆಕಾಯಿ ಸುಲಿಯುತ್ತಲೇ ಇದ್ದರು.