ಯಾರ ಕಣ್ಣಿಗೆ ಯಾರು ನೀಲಿ

ಅಟ್ಟೂರಿನಿಂದ ಅಬ್ಬಿಗೆರೆಗೆ ಸ್ಕೂಟರಿನಲ್ಲಿ ಬರುವಷ್ಟೂ ದೂರ ದಿವ್ಯ ಒಂದೇ ಮಾತನ್ನು ಉರು ಹೊಡೆದಿದ್ದಳು. ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ ವೀರಬಸಪ್ಪನ ಮುಖ ಅವಳನ್ನು ಕಂಡದ್ದೇ ಅರಳಿತು. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

"ಭಾನುವಾರ ನಿಮ್ಮಮ್ಮ ಹೆಣ್ಣು ಕೇಳೋಕೆ ಬರೋದು ಬೇಡ."

ಅವನ ಕೈ ನಿಂತಿತು. "ಏನಾಯ್ತು ಅಂತ ಹೇಳಿ ಆಮೇಲೆ ಬೈಯಿ."

ಆದದ್ದು ಇಷ್ಟು. ಎರಡು ವರ್ಷದಿಂದ ಇಬ್ಬರೂ ಕಂಪ್ಯೂಟರಿನಲ್ಲಿ ಒಂದು ಯುದ್ಧದಾಟ ಆಡುತ್ತಿದ್ದರು. ಅವನ ಕೋಟೆಗೆ ಅವಳ ಕುದುರೆ, ಅವಳ ಗದ್ದೆಗೆ ಅವನ ಕಾವಲು. ಹೆಡ್‌ಫೋನಿನ ದನಿಗೆ ಮನಸ್ಸು ಸೋತದ್ದು ಮೊದಲು, ಮುಖ ಕಂಡದ್ದು ಆಮೇಲೆ. ಕಳೆದ ಶನಿವಾರದ ಪಂದ್ಯದಲ್ಲಿ ವೈರಿಯ ಕೆಂಪು ಸೈನ್ಯ ಇಬ್ಬರ ಕೋಟೆಗೂ ಮುತ್ತಿಗೆ ಹಾಕಿದಾಗ, ತನ್ನ ಪಕ್ಕ ಕೂತಿದ್ದ ಗೆಳೆಯ ಉಮೇಶನಿಗೆ ವೀರಬಸಪ್ಪ ಮೆಲ್ಲಗೆ ಹೇಳಿದ್ದು ಹೆಡ್‌ಫೋನಿನಲ್ಲಿ ಅವಳ ಕಿವಿಗೂ ಬಿತ್ತು: "ನೀಲಿ ಹೋದ್ರೆ ಹೋಗ್ಲಿ ಬಿಡು ಮಗಾ, ಹಳದಿ ಉಳಿದ್ರೆ ಸಾಕು."

ಅವಳ ಕಂಪ್ಯೂಟರಿನಲ್ಲಿ ನೀಲಿ ಅವಳು, ಹಳದಿ ಅವನು. ಮುಂದೇನಾಯಿತೆಂದು ನೋಡಲು ಅವಳು ಕೂರಲಿಲ್ಲ. ಆಟ ಮುಚ್ಚಿದಳು, ಅವನ ನಂಬರನ್ನೂ ಬ್ಲಾಕ್ ಮಾಡಿದಳು.

"ಆಟದಲ್ಲೇ ನನ್ನ ಬಿಟ್ಟುಕೊಟ್ಟೋನು, ನಾಳೆ ಮನೇಲಿ ಯಾರಾದ್ರೂ ಒಂದ್ ಮಾತಂದ್ರೆ ನನ್ ಪರ ನಿಲ್ತೀಯಾ?"

"ನೀಲಿ ನಾನು ಕಣೇ."

"ಸುಳ್ಳು ಬೇರೆ. ಎರಡು ವರ್ಷದಿಂದ ನೀಲಿ ನಾನು."

ಆಟದಲ್ಲಿ ಅವರೆಂದೂ ಬಣ್ಣ ಹಿಡಿದು ಕರೆದುಕೊಂಡವರಲ್ಲ, ಹೆಸರೇ ಸಾಕಾಗಿತ್ತು. ಅವನು ಕೈ ಒರೆಸಿಕೊಂಡು, ಮೇಜಿನ ಮೇಲಿದ್ದ ಕಂಪ್ಯೂಟರನ್ನು ಅವಳತ್ತ ತಿರುಗಿಸಿ, ಅಂದಿನ ಪಂದ್ಯವನ್ನು ಮತ್ತೆ ಓಡಿಸಿದ.

ನೀಲಿ ಕೋಟೆ ಹೊತ್ತಿ ಉರಿಯುತ್ತಿತ್ತು. ಅದರ ನೆತ್ತಿಯಲ್ಲಿದ್ದದ್ದು ಅವನ ಹೆಸರು. ಅದನ್ನು ಉಳಿಸಿಕೊಳ್ಳಬೇಕಾದ ಕುದುರೆಗಳೆಲ್ಲ ಹಳದಿ ಕೋಟೆಯ ಬಾಗಿಲಿಗೆ ಅಡ್ಡ ನಿಂತು ಒಂದೊಂದಾಗಿ ಉರುಳುತ್ತಿದ್ದವು. ಹಳದಿಯ ಮೇಲೆ ಬರೆದಿತ್ತು: ದಿವ್ಯ.

ಈ ಆಟದ ಮುಂದೆ ಯಾರು ಕೂತರೂ ಅವರೇ ನೀಲಿ. ಜೊತೆಗಾರ ಹಳದಿ, ವೈರಿ ಕೆಂಪು. ಅವರವರ ಕಣ್ಣಿಗೆ ಅವರವರೇ ನೀಲಿ. ಈಗ ಸಿಟ್ಟಿನ ಸರದಿ ಅವನದು.

"ನನ್ ಕೋಟೆ ಪೂರ್ತಿ ಸುಟ್ಕೊಂಡು ತಿರುಗಿ ನೋಡ್ತೀನಿ, ನೀನೇ ಇಲ್ಲ. ಒಂದ್ ವಾರ ಫೋನಿಲ್ಲ. ಅಮ್ಮ ನಿಂಗೆ ಸೀರೆ ತಂದಿಟ್ಟಿದ್ದಾರೆ, ಅವ್ರಿಗೆ ಏನ್ ಹೇಳ್ಲಿ ಅಂತ ದಿನಾ ಸಾಯ್ತಿದ್ದೀನಿ. ಒಂದ್ ಮಾತು ಕೇಳೋಕಾಗ್ಲಿಲ್ವಾ ನಿಂಗೆ?"

ಕೇಳಬಹುದಿತ್ತು. ಕೇಳಿದರೆ ಅವನು ಹೌದು ಎಂದುಬಿಟ್ಟರೆ ಎಂಬ ಭಯಕ್ಕೇ ಅವಳು ಕೋಪದ ಬಾಗಿಲು ಹಾಕಿಕೊಂಡಿದ್ದು.

"ಸೋಲ್ತೀನಿ ಅಂತ ಸಿಟ್ಟು ಬಂದಿದ್ದಲ್ಲ ಕಣೋ," ಎಂದಳು. "ನೀನು ನನ್ನ ಬಿಟ್ಟೆ ಅನ್ನೋದನ್ನ ತಡ್ಕೊಳ್ಳೋಕಾಗ್ಲಿಲ್ಲ. ಅಷ್ಟು ಇಷ್ಟ ಇದೆ ಅಂತ ನಂಗೂ ಅವತ್ತೇ ಗೊತ್ತಾಗಿದ್ದು."

ಅವನು ಮುಖ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು. ಅದು ಇನ್ನೂ ಆರದ ಸಿಟ್ಟೋ ನಾಚಿಕೆಯೋ ತಿಳಿಯದೆ ಅವಳು ಫೋನ್ ತೆಗೆದು ಅವನ ತಾಯಿಗೆ ಕರೆ ಮಾಡಿದಳು. ಇಷ್ಟು ದಿನ ಅವರನ್ನು ಆಂಟಿ ಎನ್ನುತ್ತಿದ್ದವಳು, ಅವನು ತಲೆ ಎತ್ತುವತನಕ ಕಾದು, ಅವನ ಕಣ್ಣನ್ನೇ ನೋಡುತ್ತ ಹೇಳಿದಳು:

"ಅತ್ತೆ, ಭಾನುವಾರ ಎಷ್ಟ್ ಗಂಟೆಗೆ ಬರ್ತೀರಾ?"