ಮಾರ್ಗದಲ್ಲಿ ಕೊಟ್ಟ ಹೇಳಿಕೆ

“ಬೇಡ ಅತ್ತೆ, ಹೊಟ್ಟೆ ಫುಲ್,” ಎಂದಳು ವಿಸ್ಮಿತಾ.

“ಎಂತ ಫುಲ್? ಪುನರ್ಪುಳಿ ಶರಬತ್ತಲ್ವಾ, ನೀರು ಇದ್ದ ಹಾಗೆ,” ಎಂದು ಆ ಮನೆಯ ಅತ್ತೆ ಗ್ಲಾಸು ತುಂಬಿಸಿಯೇ ಬಿಟ್ಟರು.

ಬೆಳಗ್ಗಿನಿಂದ ಇದು ಆರನೆಯ ಮನೆ. ನಿಂತು ನೋಡಿದ ಕೆರೆ ಒಂದೂ ಇಲ್ಲ. ಆದರೆ ವಿಸ್ಮಿತಾಳ ಹೊಟ್ಟೆಯೊಳಗೆ ಒಂದು ಕೆರೆ ತಯಾರಾಗುತ್ತಿತ್ತು.

ಜೇಪಿ ಮಾವ ಮೊನ್ನೆ ಬಂದು ಹೇಳಿದ್ದೇ ಬೇರೆ. “ಭಾನುವಾರ ಇಡೀ ದಿನ ಬೈಕ್ ರೈಡ್! ಬೆಳ್ತಂಗಡಿಯಿಂದ ಕಾರಿಂಜ, ಬಂಟ್ವಾಳ, ಸಿದ್ಧಕಟ್ಟೆ, ಮೂಡುಬಿದಿರೆ. ದಾರಿಯುದ್ದಕ್ಕೂ ಕೆರೆ, ಗದ್ದೆ, ಗುಡ್ಡ. ಬರ್ತೀಯಾ?”

ಈ ಮಾವ ಅಮ್ಮನ ತಮ್ಮ. ನಿಜವಾದ ಹೆಸರು ಜಯಪ್ರಕಾಶ್. ಹೊಸ ಬೈಕಿಗೆ ಅಷ್ಟು ಉದ್ದದ ಹೆಸರು ಹೊಂದುವುದಿಲ್ಲ ಎಂದು ಜೇಪಿ ಆಗಿದ್ದ. ಪಾಪ, ಅವನು ಸುಳ್ಳು ಹೇಳಲಿಲ್ಲ. ದಾರಿಯಲ್ಲಿ ಕೆರೆ ಉಂಟು ಎಂದಿದ್ದ. ನಿಲ್ಲಿಸುತ್ತೇನೆ ಎಂದಿರಲಿಲ್ಲ. ಬ್ಯಾಗಿನ ತುಂಬ ಲೋಲಾಕ್ಷಿ ಚಿಕ್ಕಮ್ಮನ ಮದುವೆಯ ಕಾಗದ ಉಂಟು ಎಂದೂ ಹೇಳಿರಲಿಲ್ಲ.

ಮದುವೆಗೆ ಕರೆಯುವ ವಿಷಯದಲ್ಲಿ ಮಾವನ ಅಪ್ಪ ವೆಂಕಪ್ಪಜ್ಜನದ್ದು ಒಂದು ಕಾನೂನು. ಹೇಳಿಕೆ ಎಂದರೆ ಮನೆಗೇ ಹೋಗಬೇಕು. ಒಳಗೆ ಕೂರಬೇಕು. ಕೊಟ್ಟದ್ದನ್ನು ಕುಡಿಯಬೇಕು. ಗಂಡಸು ಒಬ್ಬನೇ ಹೋದರೆ ಅದು ಅರ್ಧ ಹೇಳಿಕೆ. ಹೆಂಗಸರನ್ನು ಕರೆಯಲು ಮನೆಯ ಹೆಂಗಸೇ ಬೇಕು. ಅಜ್ಜಿಗೆ ಮೊಣಕಾಲು ನೋವು, ಅಮ್ಮನಿಗೆ ಪುರುಸೊತ್ತಿಲ್ಲ. ಹಾಗಾಗಿ ಮನೆಯ ಹಿರಿಯ ಹೆಂಗಸಿನ ಪೋಸ್ಟ್ ಐದನೇ ಕ್ಲಾಸಿನ ವಿಸ್ಮಿತಾಳಿಗೆ ಸಿಕ್ಕಿತ್ತು.

ಪ್ರತಿ ಮನೆಯಲ್ಲೂ ಅವಳು ಎದ್ದು ನಿಂತು ಹೇಳಬೇಕಿತ್ತು: “ನೀವೆಲ್ಲ ಎರಡು ದಿನ ಮೊದಲೇ ಬಂದು ಮದುವೆ ಚಂದಗಾಣಿಸಿ ಕೊಡಬೇಕು.” ಎಲ್ಲರೂ ನಗುತ್ತಿದ್ದರು. ಮತ್ತೆ ಶರಬತ್ತು ಬರುತ್ತಿತ್ತು.

ಕಾರಿಂಜ ಗುಡ್ಡದ ಬುಡದಲ್ಲಿ ಒಂದು ಕೆರೆ ಕಂಡದ್ದೇನೋ ಹೌದು.

“ಮಾವ, ಕೆರೆ! ನಿಲ್ಸು!”

“ನೋಡಿದಿಯಲ್ಲ?”

“ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಯ್ತು!”

“ಹಾಗಾದ್ರೆ ಕಣ್ಣು ಯಾಕೆ ಮುಚ್ಚಿದ್ದು ಮಾರಾಯ್ತಿ?”

ಇನ್ನು ಉಳಿದಿದ್ದದ್ದು ಮೂಡುಬಿದಿರೆಯ ಕಡಲಕೆರೆ ಮಾತ್ರ. ಅದನ್ನಂತೂ ಬಿಡುವ ಹಾಗಿರಲಿಲ್ಲ. ಕ್ಲಾಸಿನ ದೀಕ್ಷಾಳಿಗೆ ಅವಳು ಕಡಲಕೆರೆಯನ್ನು ಆಗಲೇ ವರ್ಣಿಸಿಯಾಗಿತ್ತು. ನೀರು ಯಾವ ಬಣ್ಣ, ಹಕ್ಕಿ ಎಷ್ಟು, ಎಲ್ಲ. ನೋಡುವುದೊಂದು ಬಾಕಿ ಇತ್ತು. ನಾಳೆ ಫೋಟೋ ತೋರಿಸದಿದ್ದರೆ ದೀಕ್ಷಾ ಬಿಡುವವಳಲ್ಲ.

ಮಧ್ಯಾಹ್ನ ಸಿದ್ಧಕಟ್ಟೆಯ ಹತ್ತಿರ ಬಂದಾಗ ಮಾವ ಹೇಳಿದ, “ಇಲ್ಲಿ ರಮಾನಾಥಣ್ಣನ ಮನೆ ಒಂದುಂಟು. ನನ್ನ ದೊಡ್ಡಪ್ಪನ ಮಗ. ಕೂತರೆ ಎರಡು ಗಂಟೆ ಬಿಡುವುದಿಲ್ಲ.”

ಎರಡು ಗಂಟೆ! ಕಡಲಕೆರೆ ಹೋದ ಹಾಗೆಯೇ. ಅಷ್ಟರಲ್ಲಿ ಪೇಟೆಯ ಅಂಗಡಿಯ ಎದುರು ರಮಾನಾಥ ಮಾವನೇ ಕಂಡರು. ತಲೆಗೆ ಬೈರಾಸು ಸುತ್ತಿಕೊಂಡು, ಹಿಂಡಿಯ ಗೋಣಿಯನ್ನು ರಿಕ್ಷಾಕ್ಕೆ ಹಾಕುತ್ತಿದ್ದರು.

“ಮಾವ, ಅಗೋ ಅವರು! ಇಲ್ಲೇ ಕೊಡುವ.”

“ಮಾರ್ಗದಲ್ಲಾ? ಅಪ್ಪನಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು.”

“ಅಜ್ಜನಿಗೆ ಹೇಳುವುದು ಯಾರು?”

ಇಷ್ಟು ಬುದ್ಧಿವಂತ ಸೊಸೆ ತನಗಿದ್ದಾಳೆಂದು ಮಾವನಿಗೆ ಆವತ್ತೇ ಗೊತ್ತಾದದ್ದು. ಬೈಕನ್ನು ರಿಕ್ಷಾದ ಪಕ್ಕ ತಂದ. ಎಂಜಿನ್ ಆಫ್ ಮಾಡಲಿಲ್ಲ.

“ರಮಾನಾಥಣ್ಣ, ಲೋಲಾಕ್ಷಿಗೆ ಮದುವೆ. ಬರ್ಬೇಕು ಆಯ್ತಾ? ಸ್ವಲ್ಪ ಅರ್ಜೆಂಟು.”

ರಮಾನಾಥ ಮಾವ ತಲೆಯ ಬೈರಾಸು ಬಿಚ್ಚಿದರು. ಎರಡೂ ಕೈಗಳನ್ನು ಅದಕ್ಕೆ ಒರೆಸಿಕೊಂಡರು. ಆಮೇಲೆ ಕೈ ಚಾಚಿ ಕಾಗದ ತೆಗೆದುಕೊಂಡರು. “ಮನೆ ಇಲ್ಲೇ...” ಎಂದು ಏನೋ ಹೇಳಲು ಹೊರಟರು. ಬೈಕು ಅಷ್ಟು ಹೊತ್ತಿಗೆ ತಿರುವು ದಾಟಿತ್ತು. ವಿಸ್ಮಿತಾ ಹಿಂದೆ ತಿರುಗಿ ನೋಡಿದಳು. ಬೈರಾಸು ಇನ್ನೂ ಅವರ ಕೈಯಲ್ಲೇ ಇತ್ತು.

ಎರಡು ಗಂಟೆ ಉಳಿಯಿತು. ಕಡಲಕೆರೆ ಸಿಕ್ಕಿತು. ನಿಜವಾಗಿಯೂ ದೊಡ್ಡ ಕೆರೆ. ನೀರಿನ ಮೇಲೆ ಗಾಳಿ ಸುಳಿದು ಹೋಗುತ್ತಿತ್ತು. ಮಾವ ಬೈಕನ್ನು ಅಡ್ಡ ನಿಲ್ಲಿಸಿ ಹನ್ನೊಂದು ಫೋಟೋ ತೆಗೆದ. ಹನ್ನೊಂದರಲ್ಲೂ ಕೆರೆ ಬೈಕಿನ ಚಕ್ರದೊಳಗೆ ಸ್ವಲ್ಪ ಸ್ವಲ್ಪ ಕಾಣುತ್ತಿತ್ತು.

“ಬಾ, ನಿನ್ನದೂ ಒಂದು ಫೋಟೋ ತೆಗೀತೇನೆ. ಇದೇ ಬೇಕು ಅಂತ ಕುಣಿದದ್ದಲ್ವಾ? ಎಂತ ಮುಖ ಅದು?”

“ಮಾವ, ಅವರು ಬೈರಾಸು ಬಿಚ್ಚಿದ್ರು.”

“ಯಾರು?”

“ರಮಾನಾಥ ಮಾವ. ನೀನು ಹೆಲ್ಮೆಟ್ ಸಹ ತೆಗೀಲಿಲ್ಲ. ನಾನು ಇಳೀಲೇ ಇಲ್ಲ.”

ಮಾವ ಮೊಬೈಲನ್ನು ಕಿಸೆಗೆ ಹಾಕಿದ. ಮತ್ತೆ ತೆಗೆದ. “ವಾಟ್ಸಾಪಿನಲ್ಲಿ ಒಂದು ನಮಸ್ಕಾರ ಹಾಕುವನಾ?”

“ವಾಪಸು ಹೋಗುವ.”

“ಈಗಲಾ? ಅವರ ಬಾಯಿ ನಿನಗೆ ಗೊತ್ತಿಲ್ಲ. ಎಂತ ಹೇಳ್ತಾರೋ ಏನೋ!”

ಲಾರಿಗಳ ನಡುವೆ ನುಗ್ಗಿಸುವಾಗ ಈ ಹೆದರಿಕೆ ಎಲ್ಲಿ ಹೋಗಿತ್ತೋ. “ಮಾರ್ಗದಲ್ಲಿ ಕೊಡುವ ಅಂದದ್ದು ನಾನಲ್ವಾ? ನಾನೇ ಹೇಳ್ತೇನೆ,” ಎಂದು ವಿಸ್ಮಿತಾ ಬೈಕು ಹತ್ತಿ ಕುಳಿತಳು. ಅವಳ ಫೋಟೋ ತೆಗೆಯುವುದು ಇಬ್ಬರಿಗೂ ಮರೆತೇ ಹೋಯಿತು.

ಅವರು ಹೋದಾಗ ರಮಾನಾಥ ಮಾವ ಜಗಲಿಯಲ್ಲಿ ನಿಂತಿದ್ದರು.

“ಯಾರಪ್ಪ? ಕೊರಿಯರಿನವರಾ? ನಮ್ಮದು ಮಧ್ಯಾಹ್ನವೇ ಡೆಲಿವರಿ ಆಯ್ತಲ್ಲ!”

ಜೇಪಿ ಮಾವ ಅಂಗಳದಲ್ಲೇ ಹೆಲ್ಮೆಟ್ ತೆಗೆದ. ಕೂದಲು ಸರಿ ಮಾಡಿಕೊಂಡ. ಬೈಕಿಗೇನೋ ಆಗಿದೆ ಎಂಬಂತೆ ಬಗ್ಗಿ ನೋಡತೊಡಗಿದ. ಬೈಕಿಗೆ ಏನೂ ಆಗಿರಲಿಲ್ಲ.

ವಿಸ್ಮಿತಾ ಮೆಟ್ಟಿಲ ಹತ್ತಿರ ಹೋದಳು. “ರಮಾನಾಥ ಮಾವ, ತಪ್ಪು ನನ್ನದು. ಕೆರೆ ನೋಡ್ಲಿಕ್ಕೆ ಹೊತ್ತಾಗ್ತದೆ ಅಂತ ಮಾರ್ಗದಲ್ಲೇ ಕೊಡುವ ಅಂತ ನಾನು ಹೇಳಿದ್ದು.”

“ಓಹೋ. ಕೆರೆ ಸಿಕ್ಕಿತಾ?”

“ಸಿಕ್ಕಿತು.”

“ಚಂದ ಉಂಟಾ?”

“ಸರಿ ನೋಡ್ಲಿಲ್ಲ,” ಎಂದಳು ಅವಳು ನೆಲ ನೋಡುತ್ತ.

ರಮಾನಾಥ ಮಾವ ತಿರುಗಿ ಒಳಗೆ ಹೋದರು. ಜೇಪಿ ಮಾವ ಮೆಲ್ಲ ಪಿಸುಗುಟ್ಟಿದ, “ಮುಗೀತು. ಮದುವೆಗೆ ಇನ್ನು ಬರುವುದಿಲ್ಲ ಇವರು.”

ಆದರೆ ಅವರು ಹೊರಗೆ ಬಂದರು. ಒಗೆದ ಅಂಗಿ ಹಾಕಿಕೊಂಡಿದ್ದರು. ಹಿಂದೆಯೇ ಅವರ ಹೆಂಡತಿ, ಕೈಯಲ್ಲಿ ಬೆಲ್ಲ ಮತ್ತು ನೀರು. ರಮಾನಾಥ ಮಾವ ಕಿಸೆಯಿಂದ ಅದೇ ಕಾಗದ ತೆಗೆದು ವಿಸ್ಮಿತಾಳ ಕೈಗಿಟ್ಟರು. ಆಮೇಲೆ ಹೋಗಿ ಬೆಂಚಿನ ಮೇಲೆ ಹೆಂಡತಿಯ ಪಕ್ಕ ನೆಟ್ಟಗೆ ಕುಳಿತರು.

“ಹ್ಞೂಂ. ಎಂತದೋ ಹೇಳ್ಲಿಕ್ಕೆ ಬಂದದ್ದಲ್ವಾ ನೀವು?”

ವಿಸ್ಮಿತಾ ಚಪ್ಪಲಿ ಬಿಟ್ಟು ಜಗಲಿ ಹತ್ತಿದಳು. ಆರು ಮನೆಯಲ್ಲಿ ಗಿಳಿಯ ಹಾಗೆ ಹೇಳಿದ್ದ ಮಾತನ್ನು ಈಗ ಒಂದೊಂದೇ ಹುಡುಕಿ ಹೇಳಬೇಕಾಯಿತು. ಎರಡೂ ಕೈಯಿಂದ ಕಾಗದ ಕೊಟ್ಟಳು. “ಲೋಲಾಕ್ಷಿ ಚಿಕ್ಕಮ್ಮನ ಮದುವೆ. ನೀವೆಲ್ಲ ಎರಡು ದಿನ ಮೊದಲೇ... ಅತ್ತೆ, ನೀವೂ... ಬಂದು ಚಂದಗಾಣಿಸಿ ಕೊಡಬೇಕು.”

ಈ ಸಲ ಯಾರೂ ನಗಲಿಲ್ಲ. “ಬರ್ತೇವೆ ಮಗಾ,” ಎಂದರು ಅತ್ತೆ. “ಕೂತುಕೋ. ಮೊದಲು ನೀರು ಕುಡಿ.”

ಅವಳು ಬೆಲ್ಲ ಕಚ್ಚಿ, ಅಷ್ಟೂ ನೀರು ಕುಡಿದಳು. ಜೇಪಿ ಮಾವನೂ ಹೆಲ್ಮೆಟ್ ಹಿಡಿದುಕೊಂಡು ಮೇಲೆ ಬಂದು ಎದುರಿನ ಬೆಂಚಿನಲ್ಲಿ ಅವಳ ಪಕ್ಕ ಕುಳಿತ.

ರಮಾನಾಥ ಮಾವ ಕನ್ನಡಕ ತರಿಸಿಕೊಂಡು ಕಾಗದವನ್ನು ಮೊದಲ ಬಾರಿ ನೋಡುವವರಂತೆ ಬಿಡಿಸಿದರು. ಗಟ್ಟಿಯಾಗಿ ಓದತೊಡಗಿದರು. ದಿನ, ವಾರ, ಮುಹೂರ್ತ. ವರನ ಅಪ್ಪ, ವರನ ಅಜ್ಜ. ಒಂದೊಂದು ಹೆಸರಿಗೂ ನಿಲ್ಲಿಸಿ, “ಇವರು ಯಾರು, ಆ ವೇಣೂರಿನ ಕಡೆಯವರಾ?” ಎಂದು ಕೇಳಿದರು. ಹೊರಗೆ ಬಿಸಿಲು ಅಂಗಳದಿಂದ ತೆಂಗಿನ ಬುಡಕ್ಕೆ, ಅಲ್ಲಿಂದ ತುದಿಗೆ ಏರಿತು.

ಊಟದ ಸಮಯದ ಸಾಲಿಗೆ ಬಂದಾಗ ಜೇಪಿ ಮಾವನಿಗೆ ತಡೆಯಲಾಗಲಿಲ್ಲ. ಮೆಲ್ಲ ಬಗ್ಗಿ, ಕಾಲ ಬಳಿ ಇಟ್ಟಿದ್ದ ಹೆಲ್ಮೆಟಿಗೆ ಕೈ ಚಾಚಿದ.

ವಿಸ್ಮಿತಾ ಅದನ್ನು ಪಾದದಿಂದ ಸದ್ದಿಲ್ಲದೆ ಬೆಂಚಿನಡಿಗೆ ದೂಡಿದಳು. “ಮತ್ತೆ ಎಂತ ಬರ್ದಿದೆ ರಮಾನಾಥ ಮಾವ?” ಎಂದು ಕೇಳಿದಳು.