ಹಿತ್ತಲ ಹಲಸಿನ ಮೇಲೊಂದು ಮನೆ

"ಇಳೀರಿ ಕೆಳಗೆ! ಯಾರನ್ನ ಕೇಳಿ ನನ್ನ ಮರ ಹತ್ತಿದ್ರಿ?"

ಸರ್ವಮಂಗಳಾ ಕೂಗಿದ ರಭಸಕ್ಕೆ ಹಿತ್ತಲಿನ ಕೋಳಿಗಳೆಲ್ಲ ದಿಕ್ಕಾಪಾಲಾದವು. ಅತ್ತಿ ಮರದ ಮೇಲಿದ್ದವನು ಮಾತ್ರ ಅಲುಗಲಿಲ್ಲ. ಒಂದು ಕೊಂಬೆ ಹಿಡಿದು ಜಗ್ಗಿದ. ಲಟ್ಟೆಂದು ಅದು ಮುರಿದು ಅವಳ ಮುಂದೆಯೇ ಬಿತ್ತು!

"ಅಯ್ಯೋ! ತಲೆ ಕೆಟ್ಟಿದ್ಯಾ ನಿಮ್ಗೆ?"

"ನಿಮ್ಮ ಅಪ್ಪಾಜೀನೇ ಕರೆಸಿದ್ದು. ನಾನು ಮಲ್ಲೇಶ್, ಮೂಡಿಗೆರೇಲಿ ನಮ್ದು ಮರಗೆಲಸದ ಅಂಗಡಿ. ಈ ಮರದ ಮೇಲೆ ಮನೆ ಆಗಲ್ಲ ಮೇಡಂ... ಯಾಕಂದ್ರೆ..."

"ಸಾಕು! ಹೊರಡಿ!"

ಕಾಫಿ ರೇಟು ನೆಲ ಕಚ್ಚಿ, ಬಣಕಲ್ ಸುತ್ತಮುತ್ತ ಒಬ್ಬೊಬ್ಬರೇ ಹೋಂಸ್ಟೇ ಶುರು ಮಾಡಿದ್ದ ಎರಡು ಸಾವಿರದ ನಾಲ್ಕರ ಬೇಸಿಗೆ ಅದು. ಮರದ ಮೇಲೆ ಜನ ಇರುವಂಥ ಮನೆ ಕಟ್ಟಿ ತಾನೇ ನಡೆಸುತ್ತೇನೆಂದು ಈ ಹುಡುಗಿಯ ಹಟ. ತಂದೆ ಓಂಕಾರಪ್ಪನವರದು ಒಂದೇ ಮಾತು.

"ಭಾನುವಾರದೊಳಗೆ ಒಂದೂಕಾಲು ಲಕ್ಷಕ್ಕೆ ಮುಗಿಯೋ ಪ್ಲಾನು ತೋರ್ಸು. ಇಲ್ಲಾಂದ್ರೆ ದಾವಣಗೆರೆ ಸಂಬಂಧಕ್ಕೆ ಒಪ್ಕೋ."

'ಅಪ್ಪಾಜಿ, ಆ ಮರಗೆಲಸದವನು ಇಬ್ಬರೂ ಸೇರಿ ನನ್ನನ್ನು ಸಾಗಹಾಕೋ ಉಪಾಯ ಇದು... ನಾನೇನು ಕಮ್ಮಿಯಾ? ನಾನೇ ಮಾಡ್ತೀನಿ!'

ಮೂರು ದಿನ ಒಬ್ಬಳೇ ಲೆಕ್ಕ ಹಾಕಿದಳು. ಹಲಗೆ, ತಗಡು, ಏಣಿ, ನೀರಿನ ಪೈಪು... ಬಚ್ಚಲನ್ನೂ ಮೇಲೇರಿಸಿದರೆ ಒಂದೂಮುಕ್ಕಾಲು ಲಕ್ಷ! ಅಳು ಬಂತು. ಕಣ್ಣೊರೆಸಿಕೊಂಡು, ಅಳತೆ ತೆಗೆಯಲು ಶನಿವಾರ ತಾನೇ ಆ ಅತ್ತಿ ಮರ ಹತ್ತಿದಳು. ಹಿಡಿದ ಕೊಂಬೆ ಕೈಗೇ ಬಂತು.

"ಹುಷಾರು ಅಮ್ಮ!" ತೋಟದ ಹಳೆಯ ಆಳು ನಿಂಗಯ್ಯ ಓಡಿ ಬಂದ. "ಕಾಫಿಗೆ ಬಿಸಿಲು ಬೀಳ್ಲಿ ಅಂತ ವರ್ಷಾವರ್ಷ ಇದರ ಕೊಂಬೆ ಕಡಿಯೋನು ನಾನೇ. ಇವೆಲ್ಲ ಆಮೇಲೆ ಚಿಗುರಿದ್ದು, ಭಾರ ತಡೆಯಲ್ಲ. ಮಲ್ಲೇಶಪ್ಪ ಅದನ್ನೇ ಹೇಳೋಕೆ ಬಂದ್ರು. ನೀವು ಬಾಯಿ ತೆಗೆಯೋಕೇ ಬಿಡ್ಲಿಲ್ಲ."

ತೋಟದಲ್ಲೇ ಹುಟ್ಟಿ ಬೆಳೆದವಳಿಗೆ ಇಷ್ಟು ಹೊಳೆಯಲಿಲ್ಲವಲ್ಲ! ನಾಚಿಕೆಯಿಂದ ಮುಖ ಕೆಂಪಾಯಿತು. ಮುಂದಿನ ಬಸ್ಸಿಗೇ ಮೂಡಿಗೆರೆಗೆ ಹೊರಟಳು.

"ತಪ್ಪಾಯ್ತು," ಅಂಗಡಿ ಬಾಗಿಲಲ್ಲೇ ಹೇಳಿದಳು. "ಆದ್ರೆ ಮನೆ ಮಾತ್ರ ಕಟ್ಟೇ ಕಟ್ತೀನಿ."

ಮಲ್ಲೇಶ್ ನಕ್ಕು ಒಂದು ಹಾಳೆ ಬಿಡಿಸಿದ. "ನಿಮ್ಮ ಹಿತ್ತಲ ಹಲಸಿನ ಮರಕ್ಕೆ ಯಾರೂ ಕತ್ತಿ ಹಾಕಿಲ್ಲ, ಗಟ್ಟಿ ಇದೆ. ಅದರ ಹಿಂದಿನ ದರೆ, ಆ ಮಣ್ಣಿನ ದಿಬ್ಬ, ನಾವು ಮರದ ಮೇಲೆ ಕಟ್ಟೋ ಮನೆಯಷ್ಟೇ ಎತ್ತರ. ಬಚ್ಚಲು ದರೆ ಮೇಲೆ ಕಟ್ಟಿ, ಅಲ್ಲಿಂದ ಮನೆಗೆ ನಡೆದು ದಾಟೋಕೆ ಕಾಲುಸಂಕ ಹಾಕೋಣ. ಏಣಿ ಖರ್ಚೂ ಉಳೀತು. ಒಂದು ಲಕ್ಷದ ಇಪ್ಪತ್ತೆರಡು ಸಾವಿರ."

"ಇದನ್ನ ಯಾವಾಗ ಬರೆದ್ರಿ?"

"ನೀವು ಬೈದು ಕಳ್ಸಿದ ದಿನದಿಂದ ಬೇರೆ ಕೆಲ್ಸಕ್ಕೆ ಕೈ ಓಡ್ಲೇ ಇಲ್ಲ... ಮನಸ್ಸೆಲ್ಲ ನಿಮ್ಮ ಹತ್ರಾನೇ ಇತ್ತು."

ಅವಳ ಕಣ್ಣು ತುಂಬಿತು. ತನ್ನ ಹಟವನ್ನು ಹುಚ್ಚು ಅನ್ನದವನು ಇವನೊಬ್ಬನೇ!

ಭಾನುವಾರ ಓಂಕಾರಪ್ಪನವರು ಹಲಸಿನ ಬುಡದಲ್ಲಿ ಕೂತು, ಮಲ್ಲೇಶ್ ತಂದ ಹಾಳೆಯನ್ನು ಎರಡು ಸಲ ಓದಿದರು. "ದಾವಣಗೆರೆಯವ್ರಿಗೆ ಬೇಡ ಅಂತ ಫೋನ್ ಮಾಡ್ತೀನಿ," ಎಂದು ಎದ್ದು ಒಳಗೆ ಹೋದರು.

ಹಲಸಿನ ಬುಡದಲ್ಲಿ ಇಬ್ಬರೇ ಉಳಿದರು.

"ಗೆಸ್ಟ್ ಬರೋ ಮೊದ್ಲು ಒಂದು ತಿಂಗಳು ನಾನೇ ಇದ್ದು ನೋಡ್ಬೇಕು," ಎಂದಳು.

"ಒಬ್ರೇನಾ?"

"ನಿಮ್ಮನೆಯವ್ರು ಬಂದು ಅಪ್ಪಾಜಿ ಹತ್ರ ಹೆಣ್ಣು ಕೇಳಿದ್ರೆ... ಒಬ್ಳೇ ಯಾಕಿರ್ಲಿ?"

"ನಾಳೆನೇ... ನಾಳೆನೇ ಕರ್ಕೊಂಡು ಬರ್ಲಾ?"

"ನಾಳೆ ತನಕ ಯಾಕೆ ಮಾರಾಯ್ರೆ? ಜೀಪಿದೆ, ತಗೊಂಡು ಹೋಗಿ!"